ತಾರೀಖು ಗೊತ್ತಿಲ್ಲದ ತೀರ್ಪು

ಹದಿನೆಂಟನೇ ಶತಮಾನದಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ವಿದ್ವಾಂಸರಿದ್ದರು. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳನ್ನು ತಾಳೆ ನೋಡಿ, ಯಾವ ಪಾಠ ಮೂಲದ್ದು, ಯಾವುದು ನಡುವೆ ಲಿಪಿಕಾರ ಸೇರಿಸಿದ್ದು ಎಂದು ಸೋಸಿ ಅವರು 1734ರಲ್ಲಿ ಹೊರತಂದ ಆವೃತ್ತಿಗೆ ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ಇಂದಿಗೂ ದೊಡ್ಡ ಜಾಗವಿದೆ. ಒಂದಕ್ಷರದ ವ್ಯತ್ಯಾಸಕ್ಕೂ ಆಧಾರ ಕೇಳುತ್ತಿದ್ದ ಈ ಮನುಷ್ಯರೇ ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ ಸಂಖ್ಯೆಗಳನ್ನು ಕೂಡಿ ಕಳೆದು, 1836ರ ಜೂನ್ 18ರಂದು ಮೃಗದ ಆಳ್ವಿಕೆ ಮುಗಿದು ಸಾವಿರ ವರ್ಷದ ದೈವರಾಜ್ಯ ಶುರುವಾಗುತ್ತದೆ ಎಂದು ಲೆಕ್ಕ ಹಾಕಿದರು. 1752ರಲ್ಲಿ ಅವರು ತೀರಿಕೊಂಡರು, ಲೆಕ್ಕ ತೀರಲಿಲ್ಲ. ಆ ಸೀಮೆಯ ಪಿಯೆಟಿಸ್ಟ್ ಭಕ್ತರ ಮನೆಗಳಲ್ಲಿ ಅದು ಬೇರುಬಿಟ್ಟಿತು. 1817ರ ಸುಮಾರಿಗೆ ಸಾವಿರಾರು ಜನ, ಕೊನೆಗಾಲದ ಸಂಕಟದಿಂದ ಪಾರಾಗುವ ಜಾಗ ಪೂರ್ವದಲ್ಲಿದೆ ಎಂದು ನಂಬಿ, ಹೊಲಮನೆ ಮಾರಿ ಕಾಕಸಸ್ ಕಡೆಗೆ ಹೊರಟರು. ದಾರಿಯಲ್ಲೇ ರೋಗ ಬಂದು ಸತ್ತವರು ಬಹಳ.

ಇದೇ ಭಕ್ತಿಯಿಂದ ಹುರುಪು ಪಡೆದ ಸಂಸ್ಥೆ ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೊದಲ ಮೂವರಲ್ಲಿ ಒಬ್ಬರಾದ ಸ್ಯಾಮುಯೆಲ್ ಹೆಬಿಕ್ ವುರ್ಟೆಂಬರ್ಗಿನವರು. ಹರ್ಮನ್ ಮೋಗ್ಲಿಂಗ್ ಕೂಡ ಅಲ್ಲಿಯವರೇ. ಅವರು ಮಂಗಳೂರು ಮುಟ್ಟಿದ್ದು, ತಮಾಷೆ ನೋಡಿ, 1836ರ ಕೊನೆಯಲ್ಲಿ. ಅಷ್ಟರಲ್ಲಿ ಜೂನ್ 18 ಸದ್ದಿಲ್ಲದೆ ದಾಟಿಹೋಗಿತ್ತು. ಆಮೇಲೆ ಆದದ್ದು ನಮಗೆಲ್ಲ ಗೊತ್ತಿರುವ ಚರಿತ್ರೆ. ಅಚ್ಚುಕೂಟ ಬಂತು, 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು, 1894ರಲ್ಲಿ ಕಿಟೆಲ್ಲರ ನಿಘಂಟು ಬಂತು. ಮತಾಂತರವಾದವರು ಜಾತಿಯನ್ನೂ ಅದರ ಜೊತೆಗಿದ್ದ ಕಸುಬನ್ನೂ ಕಳೆದುಕೊಂಡು ಬೀದಿಗೆ ಬಿದ್ದಾಗ ಮಿಶನ್ ಮಗ್ಗ ಹಾಕಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕರಾವಳಿಯ ಎಷ್ಟೋ ಮಾಡುಗಳ ಮೇಲೆ ಆ ಕೆಂಪು ಹೆಂಚು ಇನ್ನೂ ಇದೆ.

ಈ ಮಿಶನರಿಗಳಲ್ಲಿ ಯಾರ್ಯಾರು ಬೆಂಗೆಲ್ಲರ ತಾರೀಖನ್ನು ಎಷ್ಟು ಗಟ್ಟಿಯಾಗಿ ನಂಬಿದ್ದರು ಎಂಬುದು ಬೇರೆ ಚರ್ಚೆ. ಆದರೆ ಕ್ರಿಸ್ತನ ಎರಡನೇ ಬರೋಣ ಹತ್ತಿರವಿದೆ, ಅದಕ್ಕೂ ಮೊದಲು ಸುವಾರ್ತೆ ಎಲ್ಲ ಜನಾಂಗಗಳಿಗೂ ಮುಟ್ಟಬೇಕು ಎಂಬ ತರಾತುರಿ ಅವರನ್ನು ಹಡಗು ಹತ್ತಿಸಿತು ಎಂಬುದರಲ್ಲಿ ಅನುಮಾನವಿಲ್ಲ. ಹಾಗಾದರೆ ಒಂದೇ ನಂಬಿಕೆ ಒಬ್ಬನಿಂದ ಹೊಲ ಮಾರಿಸಿ, ಇನ್ನೊಬ್ಬನಿಂದ ಹೆಂಚಿನ ಭಟ್ಟಿ ಹಾಕಿಸಿದ್ದು ಹೇಗೆ?

ಲೋಕಾಂತ್ಯದ ನಂಬಿಕೆ ಎಂದೊಡನೆ ನಮ್ಮ ವಿಚಾರವಂತರು ನಕ್ಕು ಮುಂದೆ ಹೋಗುತ್ತಾರೆ. ನಾಳೆಯೇ ಇಲ್ಲ ಎನ್ನುವವನಿಗೆ ನಾಳೆಯ ಜವಾಬ್ದಾರಿ ಎಲ್ಲಿಂದ ಬರಬೇಕು ಎಂಬುದು ಅವರ ವಾದ. ಭಕ್ತರು ತಿರುಗಿ ಹೇಳುವುದು, ತೀರ್ಪಿನ ಭಯವಿಲ್ಲದಿದ್ದರೆ ಮನುಷ್ಯ ನೆಟ್ಟಗಿರುವುದಿಲ್ಲ ಎಂದು. ಎರಡಕ್ಕೂ ಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷಿ ಸಿಗುತ್ತದೆ, ಹಾಗಾಗಿ ಎರಡರಿಂದಲೂ ಏನೂ ಇತ್ಯರ್ಥವಾಗುವುದಿಲ್ಲ. ನನಗೆ ಕಾಣುವುದು ಇಷ್ಟು: ಈ ನಂಬಿಕೆಯ ನೈತಿಕ ಸತ್ವವೆಲ್ಲ ಇರುವುದು ‘ತೀರ್ಪು ಇದೆ, ಆದರೆ ಯಾವಾಗ, ಯಾರ ಪರ ಎಂಬುದು ಗೊತ್ತಿಲ್ಲ’ ಎಂಬ ಜಾಗದಲ್ಲಿ. ಆ ‘ಗೊತ್ತಿಲ್ಲ’ವನ್ನು ತೆಗೆದುಹಾಕಿದವರ ಕೈಯಲ್ಲಿ ಅದು ಪ್ರತಿಸಲವೂ ಕೆಟ್ಟಿದೆ.

ಈ ಅಜ್ಞಾನ ನನ್ನ ಸೇರ್ಪಡೆಯಲ್ಲ, ಮೂಲದಲ್ಲೇ ಇದೆ. ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಆ ದಿನದ ವಿಷಯ ದೂತರಿಗೂ ತಿಳಿಯದು, ಮಗನಿಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ ಎನ್ನುತ್ತಾನೆ. ದೇವರ ಮಗನೆಂದು ಸಭೆ ಸಾರಿದವನೇ ‘ನನಗೆ ಗೊತ್ತಿಲ್ಲ’ ಎಂದದ್ದು ಮುಂದಿನ ದೇವತಾಶಾಸ್ತ್ರಜ್ಞರಿಗೆ ನುಂಗಲಾರದ ತುತ್ತಾಯಿತು. ಮತ್ತಾಯನ 25ನೇ ಅಧ್ಯಾಯದ ತೀರ್ಪಿನ ದೃಶ್ಯ ಇನ್ನೂ ವಿಚಿತ್ರ. ಕುರುಬ ಕುರಿ ಆಡುಗಳನ್ನು ಬೇರ್ಪಡಿಸುವಂತೆ ರಾಜ ಜನಾಂಗಗಳನ್ನು ಎರಡು ಪಾಲು ಮಾಡುತ್ತಾನೆ. ಅಲ್ಲಿ ಯಾರನ್ನೂ ‘ನೀನು ಯಾವ ಸಭೆಯವನು, ದೀಕ್ಷಾಸ್ನಾನ ಆಗಿದೆಯೇ’ ಎಂದು ಕೇಳುವುದಿಲ್ಲ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಇಳಿದುಕೊಳ್ಳಲು ಮನೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿದ್ದವನ ಭೇಟಿ: ವಿಚಾರಣೆ ನಡೆಯುವುದು ಈ ಆರರ ಮೇಲೆ ಮಾತ್ರ. ಗೆದ್ದವರು, ಸೋತವರು ಇಬ್ಬರೂ ಕೇಳುವುದು ಒಂದೇ ಪ್ರಶ್ನೆ: ಸ್ವಾಮೀ, ಯಾವಾಗ ನಾವು ನಿನ್ನನ್ನು ನೋಡಿದೆವು? ಸೋತವರು ಹಾಗೆ ಕೇಳುವುದು ಸಹಜ. ಗೆದ್ದವರಿಗೂ ಆಶ್ಚರ್ಯವಾಗುತ್ತದೆ ಎಂಬಲ್ಲಿ ಕಥೆಯ ಮರ್ಮವಿದೆ. ಅವರು ಅಂಕ ಸಿಗುತ್ತದೆಂದು ಊಟ ಹಾಕಿರಲಿಲ್ಲ. ಪರೀಕ್ಷೆ ನಡೆಯುತ್ತಿದೆ ಎಂದೇ ಅವರಿಗೆ ತಿಳಿದಿರಲಿಲ್ಲ. ಸ್ವರ್ಗದ ಆಸೆ, ನರಕದ ಭಯ ತೋರಿಸುವ ನೀತಿ ವ್ಯಾಪಾರವೇ ಹೊರತು ನೀತಿಯಲ್ಲ ಎಂಬ ಹಳೆಯ ಆಕ್ಷೇಪಕ್ಕೆ ಇದರಲ್ಲಿ ಅರ್ಧ ಉತ್ತರವಿದೆ. ಇನ್ನರ್ಧ ಸಿಗುವುದಿಲ್ಲ ಎಂದು ಒಪ್ಪಬೇಕು. ಅದೇ ಅಧ್ಯಾಯ ಸೋತವರನ್ನು ನಿತ್ಯವಾದ ಬೆಂಕಿಗೆ ಕಳಿಸುತ್ತದೆ. ನೀರು ಕೊಡದಿದ್ದ ತಪ್ಪಿಗೆ ಕೊನೆಯಿಲ್ಲದ ಶಿಕ್ಷೆ ಯಾವ ನ್ಯಾಯ ಎಂದು ಮೂರನೇ ಶತಮಾನದ ಆರಿಗೆನ್‌ನಂಥ ಕ್ರೈಸ್ತ ಚಿಂತಕರನ್ನೇ ಈ ಚಿತ್ರ ಕಾಡಿತು. ಕೊನೆಗೆ ಎಲ್ಲರೂ ದೇವರಲ್ಲಿಗೆ ಮರಳುತ್ತಾರೆ ಎಂಬ ಆಸೆಯನ್ನು ಅವನು ಮುಂದಿಟ್ಟ. ಸಭೆ ಅದನ್ನು ಒಪ್ಪಲಿಲ್ಲ.

ನಮ್ಮಲ್ಲೂ ಕಲಿಗಾಲವಿದೆ, ಕೊಡೇಕಲ್ಲಿನ ಕಾಲಜ್ಞಾನವಿದೆ, ಮೈಲಾರದ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿಗೆ ಮಳೆಯಿಂದ ಮಂತ್ರಿಮಂಡಲದವರೆಗೆ ಅರ್ಥ ಹಚ್ಚುವ ಉತ್ಸಾಹವಿದೆ. ಆದರೆ ಪ್ರಳಯ ನಮ್ಮ ಕಲ್ಪನೆಯಲ್ಲಿ ತಿರುಗಿ ತಿರುಗಿ ಬರುವಂಥದು. ಆಮೇಲೆ ಮತ್ತೆ ಕೃತಯುಗ. ಕ್ರೈಸ್ತರ ಅಂತ್ಯ ಒಂದೇ ಸಲದ್ದು, ಅದರ ಜೊತೆಗೊಂದು ನ್ಯಾಯಾಲಯವಿದೆ. ಮರುವಿಚಾರಣೆ ಇಲ್ಲ ಎಂಬುದರಿಂದ ಅದಕ್ಕೊಂದು ಬಿಗುವು ಬರುತ್ತದೆ. ಅಪಾಯವೂ ಅಲ್ಲಿಂದಲೇ.

ಆ ಅಪಾಯ ಮೊದಲ ತಲೆಮಾರಿನಲ್ಲೇ ಕಾಣಿಸಿಕೊಂಡಿತು. ಥೆಸಲೋನಿಕದ ಸಭೆಗೆ ಪೌಲನ ಹೆಸರಿನಲ್ಲಿ ಬರೆದ ಎರಡನೇ ಪತ್ರದಲ್ಲಿ ದುಡಿಮೆ ಬಿಟ್ಟು ಊರು ಸುತ್ತುವವರ ಮೇಲೆ ಗದರಿಕೆಯಿದೆ. ದುಡಿಯಲು ಮನಸ್ಸಿಲ್ಲದವನಿಗೆ ಊಟವೂ ಬೇಡ ಎನ್ನುವಷ್ಟು ಖಾರವಾಗಿ. ಅದೇ ಪತ್ರದಲ್ಲಿ ಕರ್ತನ ದಿನ ಬಂದೇಬಿಟ್ಟಿತು ಎಂಬ ಪುಕಾರನ್ನು ನಂಬಬೇಡಿ ಎಂಬ ಎಚ್ಚರಿಕೆಯೂ ಇರುವುದರಿಂದ, ಅವರು ಕೈಕಟ್ಟಿ ಕೂತದ್ದಕ್ಕೂ ಲೋಕಾಂತ್ಯದ ನಿರೀಕ್ಷೆಗೂ ಸಂಬಂಧವಿದೆ ಎಂದು ಅನೇಕರು ಓದುತ್ತಾರೆ. ಇದು ಗದರಿ ಸರಿಮಾಡಬಹುದಾದ ತೊಂದರೆ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದಲ್ಲಿ ಇದಕ್ಕಿಂತ ಆಳದ ತೊಂದರೆಯಿದೆ. ಕಾಲ ಕಡಿಮೆ ಉಳಿದಿದೆ, ಆದ್ದರಿಂದ ಮದುವೆಯಾಗದವನು ಹಾಗೇ ಇರಲಿ, ದಾಸನಾಗಿ ಕರೆಯಲ್ಪಟ್ಟವನು ಅದಕ್ಕಾಗಿ ಚಿಂತಿಸದಿರಲಿ ಎಂಬ ಧಾಟಿ ಅಲ್ಲಿನದು. ಬಿಡುಗಡೆಯ ಅವಕಾಶ ಸಿಕ್ಕರೆ ಬಳಸಿಕೊ ಎಂಬ ಅರ್ಥ ಬರುವ ಮಾತನ್ನೂ ಪೌಲ ಸೇರಿಸುತ್ತಾನೆ, ನಿಜ. ಆದರೂ ಒಟ್ಟು ಸಲಹೆ ‘ಇದ್ದಂತೆ ಇರು’. ನಾಲ್ಕಾರು ತಿಂಗಳಿಗೋ ವರ್ಷಕ್ಕೋ ಸಾಕೆಂದು ಕೊಟ್ಟ ಸಲಹೆ ಅದು. ಲೋಕ ಮುಗಿಯಲಿಲ್ಲ, ಸಲಹೆ ಮಾತ್ರ ಧರ್ಮಗ್ರಂಥವಾಗಿ ಉಳಿಯಿತು. ಹದಿನೆಂಟು ಶತಮಾನದ ಮೇಲೂ ಅಮೆರಿಕದ ತೋಟದ ಒಡೆಯರಿಗೆ ಗುಲಾಮಗಿರಿಯನ್ನು ಸಮರ್ಥಿಸಲು ಪೌಲನ ಹೆಸರಿನ ಪತ್ರಗಳೇ ಕೈಗೆ ಸಿಕ್ಕವು. ಅಂತ್ಯ ಹತ್ತಿರವಿದೆ ಎಂಬ ನಂಬಿಕೆ ದುಷ್ಟತನದಿಂದಲೇ ಕೆಡಬೇಕೆಂದಿಲ್ಲ. ‘ಇನ್ನೇನು ಮುಗಿಯಿತಲ್ಲ’ ಎಂಬ ಒಳ್ಳೆಯ ಮನಸ್ಸಿನ ಸಮಾಧಾನವೂ ಅನ್ಯಾಯವನ್ನು ಹಾಗೇ ಬಿಟ್ಟುಬಿಡುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು, ಎಲ್ಲರೂ ಹೆದರುವ ಆ ‘ಪ್ರಕಟನೆ’ ಪುಸ್ತಕವೇ. ಅದನ್ನು ಬರೆದವನು ಏಜಿಯನ್ ಸಮುದ್ರದ ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನೆಂಬುವನು, ರೋಮ್ ಸಾಮ್ರಾಜ್ಯದ ನೆರಳಿನಲ್ಲಿ. ಟಿವಿ ಪ್ರವಚನಕಾರರು ಅದರಲ್ಲಿ ಟ್ಯಾಂಕು, ಕ್ಷಿಪಣಿ, ಬಾರ್‌ಕೋಡ್‌ಗಳನ್ನು ಕಾಣುತ್ತಾರೆ. ನಿಧಾನವಾಗಿ ಓದಿದರೆ ಕಾಣುವುದು ಸಂತೆಯ ದರ. ಆರನೇ ಅಧ್ಯಾಯದಲ್ಲಿ ಕಪ್ಪು ಕುದುರೆಯ ಸವಾರ ತಕ್ಕಡಿ ಹಿಡಿದು ಬರುತ್ತಾನೆ; ಒಂದು ದೆನಾರಿಗೆ ಒಬ್ಬರ ಒಂದು ದಿನದ ಊಟಕ್ಕಾಗುವಷ್ಟೇ ಗೋಧಿ, ಅಥವಾ ಅದರ ಮೂರರಷ್ಟು ಬಾರ್ಲಿ ಎಂದು ಕೂಗು ಕೇಳುತ್ತದೆ. ಎಣ್ಣೆಗೂ ದ್ರಾಕ್ಷಾರಸಕ್ಕೂ ಕೈ ಹಚ್ಚಬೇಡ ಎಂಬ ಕಟ್ಟಪ್ಪಣೆ ಬೇರೆ. ದೆನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ. ಇಡೀ ದಿನ ದುಡಿದವನು ತಾನೊಬ್ಬನೇ ಗೋಧಿ ತಿನ್ನಬೇಕು, ಇಲ್ಲವೇ ಹೆಂಡತಿ ಮಕ್ಕಳಿಗೆ ಬಾರ್ಲಿ ಹಾಕಬೇಕು. ಉಳ್ಳವರ ಎಣ್ಣೆ, ದ್ರಾಕ್ಷಾರಸಕ್ಕೆ ತೊಂದರೆಯಿಲ್ಲ. ಹದಿನೆಂಟನೇ ಅಧ್ಯಾಯದಲ್ಲಿ ಬಾಬೆಲೆಂಬ ಹೆಸರಿನ ಮಹಾನಗರ, ಅಂದರೆ ರೋಮ್, ಸುಟ್ಟುಹೋದಾಗ ದೂರದಲ್ಲಿ ನಿಂತು ಅಳುವವರಲ್ಲಿ ವರ್ತಕರಿದ್ದಾರೆ. ಸರಕು ಕೊಳ್ಳುವವರು ಇಲ್ಲವಾದರಲ್ಲಾ ಎಂಬುದು ಅವರ ದುಃಖ. ಆ ಸರಕಿನ ಪಟ್ಟಿಯೇ ಅಲ್ಲಿದೆ, ಇಪ್ಪತ್ತೆಂಟು ಬಾಬತ್ತು: ಚಿನ್ನ, ಬೆಳ್ಳಿ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ಧೂಪ, ಎಣ್ಣೆ, ಗೋಧಿ, ದನ, ಕುರಿ, ಕುದುರೆ, ರಥ. ಇವುಗಳಲ್ಲಿ ಕೆಲವು ನಮ್ಮ ಕಡೆಯ ಸಮುದ್ರದಾರಿಯಿಂದಲೇ ಹೋಗುತ್ತಿದ್ದ ಸಾಮಾನು. ಪಟ್ಟಿಯ ತುದಿಯಲ್ಲಿ, ದನಕರು ಗಾಡಿಗಳ ನಂತರ, ಮನುಷ್ಯರ ದೇಹ ಮತ್ತು ಪ್ರಾಣ ಬರುತ್ತದೆ. ಸಾಮ್ರಾಜ್ಯದ ಲೆಕ್ಕದ ಪುಸ್ತಕವನ್ನೇ ಎತ್ತಿ ಓದಿ, ಅದರ ಕೊನೆಯ ಸಾಲಿನ ಮೇಲೆ ಬೆರಳಿಟ್ಟಂತೆ. ಸಂತೆಯಲ್ಲಿ ಮಾರಾಟವಾಗುತ್ತಿದ್ದವನಿಗೆ ಆ ಸಂತೆ ಶಾಶ್ವತವಲ್ಲ ಎಂಬ ಸುದ್ದಿ ಭಯದ ಸುದ್ದಿಯಾಗಲಾರದು. ಲೋಕಾಂತ್ಯ ಯಾರಿಗೆ ಭಯ, ಯಾರಿಗೆ ಬಿಡುಗಡೆ ಎಂಬುದು ಅವರವರು ನಿಂತ ಜಾಗವನ್ನು ಅವಲಂಬಿಸಿದೆ.

ಇಷ್ಟು ಹೇಳಿ ಪುಸ್ತಕವನ್ನು ಸಾಚಾ ಮಾಡಲು ಬರುವುದಿಲ್ಲ. ಕುದುರೆಯ ಕಡಿವಾಣ ಮುಟ್ಟುವಷ್ಟು ರಕ್ತ ಹರಿಯುವ ಚಿತ್ರವೂ ಅದರಲ್ಲೇ ಇದೆ. ದುರ್ಬಲರ ಒಳಗೆ ಕುದಿಯುವ ಸೇಡು ಇದು ಎಂದು ಡಿ. ಎಚ್. ಲಾರೆನ್ಸ್ ಸಿಟ್ಟಾದದ್ದು ಸುಮ್ಮನಲ್ಲ. ಸೇಡು ತೀರಿಸುವ ಕೆಲಸವನ್ನು ದೇವರಿಗೆ ಬಿಟ್ಟಿರುವ ತನಕ ಅದು ಸಹನೆಯಾಗಿ ಇರಬಲ್ಲದು. ಮನುಷ್ಯ ಅದನ್ನು ಕೈಗೆತ್ತಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಮ್ಯೂನ್‌ಸ್ಟರ್ ಸಾಕ್ಷಿ. 1534ರಲ್ಲಿ ಅನಬ್ಯಾಪ್ಟಿಸ್ಟ್ ಪಂಥದ ಒಂದು ಗುಂಪು ಆ ಊರನ್ನು ಹೊಸ ಯೆರೂಸಲೇಮ್ ಎಂದು ಸಾರಿತು. ಮರುದೀಕ್ಷೆಗೆ ಒಪ್ಪದವರನ್ನು ಚಳಿಗಾಲದಲ್ಲಿ ಊರಾಚೆ ಅಟ್ಟಿತು. ಯಾನ್ ವಾನ್ ಲೈಡನ್ ಎಂಬ ದರ್ಜಿ ರಾಜನೆಂದು ಕಿರೀಟವಿಟ್ಟುಕೊಂಡ, ಬಹುಪತ್ನಿತ್ವ ತಂದ, ಎದುರಾಡಿದವರ ತಲೆ ಹಾರಿಸಿದ. 1535ರಲ್ಲಿ ಬಿಷಪ್ಪನ ಸೈನ್ಯ ಊರನ್ನು ಮರಳಿ ಹಿಡಿಯಿತು. ಮುಂದಿನ ವರ್ಷ ಅವನನ್ನೂ ಇಬ್ಬರು ಸಂಗಡಿಗರನ್ನೂ ಚಿತ್ರಹಿಂಸೆ ಕೊಟ್ಟು ಕೊಂದು, ಹೆಣಗಳನ್ನು ಕಬ್ಬಿಣದ ಪಂಜರಗಳಲ್ಲಿಟ್ಟು ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರಕ್ಕೆ ನೇತುಹಾಕಿದರು. ಪಂಜರಗಳು ಇಂದಿಗೂ ಅಲ್ಲಿವೆ. ತೀರ್ಪು ನನ್ನ ಕೈಯಲ್ಲಿದೆ ಎಂದವನೂ ಅವನಿಗೆ ತೀರ್ಪು ಕೊಟ್ಟವರೂ ಕ್ರೂರತನದಲ್ಲಿ ಒಬ್ಬರಿಗೊಬ್ಬರು ಸಾಟಿ.

ಅಮೆರಿಕದಲ್ಲಿ ಇದೇ ವಿಷಯ ಕತ್ತಿಯಿಲ್ಲದೆ, ಗಣಿತದ ರೂಪದಲ್ಲಿ ಬಂತು. ನ್ಯೂಯಾರ್ಕ್ ರಾಜ್ಯದ ರೈತ ವಿಲಿಯಂ ಮಿಲ್ಲರ್ 1812ರ ಯುದ್ಧದಲ್ಲಿ ಹೋರಾಡಿ ಬಂದವರು. ದಾನಿಯೇಲನ ಪುಸ್ತಕದ 2300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿಸ್ತಪೂರ್ವ 457ರಿಂದ ಎಣಿಸಿ, ಅಂತ್ಯ 1843ರ ಸುಮಾರಿಗೆ ಎಂದರು. ಅದು ತಪ್ಪಿದಾಗ ಅವರ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಇವರು ಬರೀ ತಿಕ್ಕಲು ಜನರಲ್ಲ. ಚಳವಳಿಯ ಪ್ರಚಾರದ ಹೊಣೆ ಹೊತ್ತ ಜೋಶುವಾ ಹೈಮ್ಸ್, ಮುಂದಾಳು ಜೋಸೆಫ್ ಬೇಟ್ಸ್ ಇಬ್ಬರೂ ಗುಲಾಮಗಿರಿಯ ಕಡು ವಿರೋಧಿಗಳು. ಇಂಥ ಸುಧಾರಕರಲ್ಲಿ ಕೆಲವರು, ಕರ್ತನೇ ಬರುತ್ತಿರುವಾಗ ಮಿಕ್ಕ ಹೋರಾಟಗಳು ಏತಕ್ಕೆ ಎಂದು ಆ ಕಡೆಯ ಕೆಲಸ ಸಡಿಲಬಿಟ್ಟರು ಎಂಬುದೇ ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಅಂಗಡಿ ಮುಚ್ಚಿದವರಿದ್ದರು, ಬೆಳೆ ಕೊಯ್ಯದೆ ಬಿಟ್ಟವರಿದ್ದರು. ನ್ಯೂ ಹ್ಯಾಂಪ್‌ಶೈರಿನ ರೈತನೊಬ್ಬ ಆಲೂಗಡ್ಡೆ ಅಗೆಯದೆ ಕಾದನಂತೆ. ಅಗೆದಿಟ್ಟವರ ಗಡ್ಡೆಗಳು ಆ ವರ್ಷದ ರೋಗಕ್ಕೆ ಕೊಳೆತವು, ಇವನು ತಡವಾಗಿ ಅಗೆದದ್ದು ಚೆನ್ನಾಗಿದ್ದು ಒಳ್ಳೆಯ ಬೆಲೆಗೆ ಹೋಯಿತು ಎಂಬ ಕಥೆಯನ್ನು ಈ ಚಳವಳಿಯಿಂದ ಮುಂದೆ ಬೆಳೆದ ಅಡ್ವೆಂಟಿಸ್ಟರು ಇಂದಿಗೂ ಹೇಳುತ್ತಾರೆ. ಹೇಳಲಿ. ಅದೇ ನಂಬಿಕೆಯಲ್ಲಿ ಫಸಲು ಕಳೆದುಕೊಂಡವರ ಕಥೆಯನ್ನು ಯಾವ ಸಭೆಯೂ ಜೋಪಾನ ಮಾಡುವುದಿಲ್ಲ.

ಅಕ್ಟೋಬರ್ 23 ಬೆಳಗಾಯಿತು. ಮಹಾ ನಿರಾಶೆ ಎಂದೇ ಚರಿತ್ರೆಯಲ್ಲಿ ಅದಕ್ಕೆ ಹೆಸರು. ಅನೇಕರು ಹಳೆಯ ಸಭೆಗಳಿಗೆ ಮರಳಿದರು. ಉಳಿದವರಲ್ಲಿ ಒಂದು ಕವಲು 1863ರಲ್ಲಿ ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತವಾಯಿತು. ಬರೋಣ ಹತ್ತಿರವೇ, ಆದರೆ ದಿನ ಗೊತ್ತುಮಾಡುವುದು ಬೇಡ ಎಂಬ ನಿಲುವು ಅವರದಾಯಿತು. ತಾರೀಖು ಕೈಬಿಟ್ಟ ಜನ ಆಮೇಲೆ ಏನು ಮಾಡಿದರು ನೋಡಿ: ಮಿಶಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಆರೋಗ್ಯಧಾಮ ಕಟ್ಟಿದರು, ಅಲ್ಲಿಂದ ಕೆಲ್ಲಾಗ್ ಸಹೋದರರ ಕಾರ್ನ್‌ಫ್ಲೇಕ್ಸ್ ಬಂತು, ಜಗತ್ತಿನ ಮೂಲೆಮೂಲೆಗಳಲ್ಲಿ ಆಸ್ಪತ್ರೆ, ಶಾಲೆಗಳೆದ್ದವು. ಬೆಂಗಳೂರಿನ ಕೃಷ್ಣರಾಜಪುರದಲ್ಲಿರುವ ಲೌರಿ ಸ್ಮಾರಕ ವಿದ್ಯಾಸಂಸ್ಥೆ ಆ ಪರಂಪರೆಯದೇ. ನಾಳೆ ಲೋಕ ಮುಗಿಯಬಹುದು ಎನ್ನುವವರು ಮಕ್ಕಳಿಗೆ ಮಗ್ಗಿ ಕಲಿಸುವುದರಲ್ಲಿ ವಿರೋಧಾಭಾಸ ಕಾಣುವವರಿಗೆ ಕಾಣಲಿ. ‘ಮುಗಿಯಬಹುದು’ ಎನ್ನುವುದಕ್ಕೂ ‘ಮುಗಿಯುತ್ತದೆ, ಮಂಗಳವಾರ’ ಎನ್ನುವುದಕ್ಕೂ ಇರುವ ಅಂತರ ಇಷ್ಟು.

ಆ ಅಂತರ ತಿಳಿಯದವರು ಇಪ್ಪತ್ತೊಂದನೇ ಶತಮಾನದಲ್ಲೂ ಇದ್ದರು. ಕ್ಯಾಲಿಫೋರ್ನಿಯಾದ ರೇಡಿಯೊ ಪ್ರವಚನಕಾರ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು. ನಗರಗಳಲ್ಲಿ ದೊಡ್ಡ ದೊಡ್ಡ ಫಲಕಗಳು ಎದ್ದವು, ಉಳಿತಾಯದ ಹಣವನ್ನೆಲ್ಲ ಪ್ರಚಾರಕ್ಕೆ ಸುರಿದವರಿದ್ದರು. ದಿನ ಕಳೆದ ಮೇಲೆ ಅಕ್ಟೋಬರ್ 21 ಎಂದರು. ಅದೂ ಕಳೆಯಿತು. ಮರುವರ್ಷ, ದಿನ ಹೇಳಲು ಹೋದದ್ದೇ ಪಾಪ ಎಂದು ಒಪ್ಪಿಕೊಂಡರು. ಬೆಂಗೆಲ್ ಈ ವಿಷಯದಲ್ಲಿ ಪ್ರಾಮಾಣಿಕರು: 1836 ಏನೂ ಆಗದೆ ಕಳೆದರೆ ನನ್ನ ಪದ್ಧತಿಯಲ್ಲೇ ಎಲ್ಲೋ ದೊಡ್ಡ ತಪ್ಪಿದೆ ಎಂದು ತಿಳಿಯಿರಿ ಎಂದು ಮೊದಲೇ ಹೇಳಿಹೋಗಿದ್ದರು.

ಇವರೆಲ್ಲರಿಗಿಂತ ನನಗೆ ಮೆಚ್ಚುಗೆಯಾಗುವವರು ಏಬ್ರಹಾಂ ಡಾವೆನ್‌ಪೋರ್ಟ್. 1780ರ ಮೇ 19ರಂದು ನ್ಯೂ ಇಂಗ್ಲೆಂಡಿನ ಮೇಲೆ ಹಾಡುಹಗಲೇ ಕತ್ತಲು ಕವಿಯಿತು. ದೂರದ ಕಾಡ್ಗಿಚ್ಚಿನ ಹೊಗೆ ಅದಕ್ಕೆ ಕಾರಣ ಎಂದು ಈಗ ತಿಳಿದಿದೆ. ಅಂದು ಜನ ನ್ಯಾಯತೀರ್ಪಿನ ದಿನವೇ ಬಂತೆಂದು ಬೆದರಿದರು. ಕನೆಕ್ಟಿಕಟ್ ಶಾಸನಸಭೆಯಲ್ಲಿ ಕಲಾಪ ಮುಂದೂಡೋಣ ಎಂಬ ಮಾತೆದ್ದಿತು. ಡಾವೆನ್‌ಪೋರ್ಟ್ ಒಪ್ಪಲಿಲ್ಲ. ತೀರ್ಪಿನ ದಿನ ಬಂದಿಲ್ಲವಾದರೆ ಮುಂದೂಡಲು ಕಾರಣವಿಲ್ಲ. ಬಂದಿದೆಯಾದರೆ ನಾನು ನನ್ನ ಕೆಲಸ ಮಾಡುತ್ತಿರುವಾಗಲೇ ದೇವರ ಕಣ್ಣಿಗೆ ಬೀಳುತ್ತೇನೆ, ಮೇಣದಬತ್ತಿ ತರಿಸಿ ಎಂದರಂತೆ. ಅಂದಿನ ಕಲಾಪಪಟ್ಟಿಯಲ್ಲಿ ಇದ್ದದ್ದು ಮೀನುಗಾರಿಕೆಯ ಒಂದು ಮಸೂದೆ ಎಂದು ಹೇಳುತ್ತಾರೆ.

ಹತ್ತೊಂಬತ್ತನೇ ಶತಮಾನದಲ್ಲಿ ತಾರೀಖಿಗಿಂತ ನಾಜೂಕಾದ ಇನ್ನೊಂದು ಬಗೆಯ ‘ಗೊತ್ತಿದೆ’ ಹುಟ್ಟಿಕೊಂಡಿತು. ಅದಕ್ಕೆ ಮೊದಲು ಅಮೆರಿಕದ ಅನೇಕ ಪ್ರಾಟೆಸ್ಟಂಟರು, ಮನುಷ್ಯರೇ ಲೋಕವನ್ನು ತಿದ್ದುತ್ತ ತಿದ್ದುತ್ತ ಸಾವಿರ ವರ್ಷದ ರಾಜ್ಯವನ್ನು ಹತ್ತಿರ ತರುತ್ತಾರೆ, ಕೊನೆಯಲ್ಲಿ ಕ್ರಿಸ್ತ ಬರುತ್ತಾನೆ ಎಂದು ನಂಬಿದ್ದರು. ಗುಲಾಮಗಿರಿಯ ವಿರುದ್ಧದ ಹೋರಾಟಕ್ಕೂ ಹೆಂಗಸರ ಶಿಕ್ಷಣಕ್ಕೂ ಆ ಆಶಾವಾದ ಬೆನ್ನೆಲುಬಾಗಿತ್ತು. ಸಾಮ್ರಾಜ್ಯದ ವಿಸ್ತಾರಕ್ಕೂ ಅದೇ ಆಶೀರ್ವಾದ ಮಾಡಿತೆಂಬುದನ್ನೂ ಮರೆಯಬಾರದು. ಐರ್ಲೆಂಡಿನ ಜಾನ್ ನೆಲ್ಸನ್ ಡಾರ್ಬಿ ಇದನ್ನು ತಿರುವಿಹಾಕಿದರು: ಲೋಕ ಕೆಡುತ್ತಲೇ ಹೋಗುತ್ತದೆ, ನಿಜ ವಿಶ್ವಾಸಿಗಳು ಮೊದಲೇ ಆಕಾಶಕ್ಕೆ ಎತ್ತಲ್ಪಡುತ್ತಾರೆ, ಉಳಿದವರಿಗೆ ಏಳು ವರ್ಷದ ಮಹಾಸಂಕಟ. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್ ಈ ನಕ್ಷೆಯನ್ನು ವಚನಗಳ ಕೆಳಗೇ ಟಿಪ್ಪಣಿಯಾಗಿ ಅಚ್ಚುಹಾಕಿತು. ಎಷ್ಟೋ ಓದುಗರಿಗೆ ಮೂಲ ಯಾವುದು, ಟಿಪ್ಪಣಿ ಯಾವುದು ಎಂಬ ಗೆರೆಯೇ ಅಳಿಸಿಹೋಯಿತು. ಅದಕ್ಕೂ ಮೊದಲೇ ಅಮೆರಿಕದ ಪ್ರವಚನಕಾರ ಡಿ. ಎಲ್. ಮೂಡಿ ಲೋಕವನ್ನು ಒಡೆದ ಹಡಗೆಂದು ಕರೆದು, ಆದಷ್ಟು ಜನರನ್ನು ದೋಣಿಗೆ ಹತ್ತಿಸಿಕೊಳ್ಳುವುದೇ ತನ್ನ ಕೆಲಸ ಎಂದರು. ಹಡಗು ರಿಪೇರಿ ಮಾಡುವ ಮಾತು ಅಲ್ಲಿಗೆ ಮುಗಿಯಿತು. 1970ರಲ್ಲಿ ಹಾಲ್ ಲಿಂಡ್ಸೆಯವರ ಪುಸ್ತಕ, 1995ರಿಂದ ‘ಲೆಫ್ಟ್ ಬಿಹೈಂಡ್’ ಕಾದಂಬರಿಮಾಲೆ ಇದನ್ನು ಕೋಟಿಗಟ್ಟಲೆ ಪ್ರತಿಗಳಲ್ಲಿ ಮನೆಮನೆಗೆ ಮುಟ್ಟಿಸಿದವು.

ಈ ಕಡೆಯವರನ್ನು ಟೀಕಿಸುವಾಗಲೂ ನ್ಯಾಯ ಬಿಡಬಾರದು. ರೇಗನ್ ಸರಕಾರದಲ್ಲಿ ಒಳಾಡಳಿತ ಖಾತೆಯ ಕಾರ್ಯದರ್ಶಿಯಾಗಿ ಕಾಡು, ಗಣಿಗಳನ್ನು ನೋಡಿಕೊಳ್ಳುತ್ತಿದ್ದ ಜೇಮ್ಸ್ ವಾಟ್, ಕೊನೆಯ ಮರ ಬಿದ್ದ ಮೇಲೆ ಕ್ರಿಸ್ತ ಬರುತ್ತಾನೆ ಎಂದರೆಂಬ ಮಾತು ಬಹಳ ಓಡಾಡಿತು. ಹಿರಿಯ ಪತ್ರಕರ್ತ ಬಿಲ್ ಮೋಯರ್ಸ್ ಕೂಡ ಅದನ್ನು ಉಲ್ಲೇಖಿಸಿ, ಆಧಾರವಿಲ್ಲವೆಂದು ತಿಳಿದ ಮೇಲೆ ಕ್ಷಮೆ ಕೇಳಿದರು. 1981ರಲ್ಲಿ ಸಂಸದೀಯ ಸಮಿತಿಯೊಂದರ ಮುಂದೆ ವಾಟ್ ನಿಜವಾಗಿ ಹೇಳಿದ್ದು, ಕರ್ತನು ಬರುವ ಮುಂಚೆ ಇನ್ನೆಷ್ಟು ತಲೆಮಾರು ಇವೆಯೋ ನನಗೆ ತಿಳಿಯದು, ಎಷ್ಟಾದರೂ ಇರಲಿ, ಅವರಿಗಾಗಿ ಸಂಪತ್ತನ್ನು ಜಾಣತನದಿಂದ ನಿಭಾಯಿಸಬೇಕು ಎಂಬರ್ಥದ ಮಾತು. ಅವರ ಪರಿಸರ ನೀತಿ ಕೆಟ್ಟದ್ದೇ ಇರಬಹುದು, ಅದಕ್ಕೆ ಲೋಕಾಂತ್ಯದ ನಂಬಿಕೆಯನ್ನು ಹೊಣೆ ಮಾಡಲಾಗದು. ಗಣಿ ಕಂಪನಿಗಳ ಒಲವು ಸಾಕಿತ್ತು.

ನಂಬಿಕೆಯೇ ಹೊಣೆಯಾಗುವ ಜಾಗ ಪ್ಯಾಲೆಸ್ತೀನ್. ಡಾರ್ಬಿಯ ನಕ್ಷೆಯಲ್ಲಿ ಯೆಹೂದಿಗಳು ತಮ್ಮ ನಾಡಿಗೆ ಮರಳುವುದು ಅಂತ್ಯದ ಅಂಗ. 1948ರಲ್ಲಿ ಇಸ್ರೇಲ್ ಹುಟ್ಟಿದ್ದೇ ಗಡಿಯಾರ ಓಡತೊಡಗಿದ್ದಕ್ಕೆ ಸಾಕ್ಷಿ ಎಂದು ಲಕ್ಷಾಂತರ ಅಮೆರಿಕನ್ನರು ನಂಬಿದರು. 2018ರಲ್ಲಿ ಅಮೆರಿಕದ ರಾಯಭಾರ ಕಚೇರಿ ಯೆರೂಸಲೇಮಿಗೆ ಹೋದ ಸಮಾರಂಭದಲ್ಲಿ ಪ್ರಾರ್ಥನೆ ಮಾಡಿದವರಲ್ಲಿ ಈ ಪಂಥದ ಪಾಸ್ಟರ್ ಜಾನ್ ಹೇಗಿ ಒಬ್ಬರು. ಇಸ್ರೇಲಿನ ಮೇಲಿನ ಪ್ರೀತಿಯಂತೆ ಇದು ಕಾಣುತ್ತದೆ. ಆದರೆ ಈ ನಾಟಕದ ಕೊನೆಯ ಅಂಕದಲ್ಲಿ, ಪ್ರಚಲಿತವಾದ ಅನೇಕ ವಿವರಣೆಗಳ ಪ್ರಕಾರ, ಯೆಹೂದಿಗಳಲ್ಲಿ ಬಹುಪಾಲು ಸಾಯುತ್ತಾರೆ, ಉಳಿದವರು ಕ್ರೈಸ್ತರಾಗುತ್ತಾರೆ. ನೆರೆಯವನನ್ನು ನೆರೆಯವನಾಗಿ ನೋಡದೆ ಪಾತ್ರಧಾರಿಯಾಗಿ ನೋಡುವುದು ಎಂದರೆ ಇದೇ. ಆ ನಕ್ಷೆಯಲ್ಲಿ ಪಾತ್ರವೇ ಇಲ್ಲದವರೂ ಇದ್ದಾರೆ: ಬೆತ್ಲೆಹೇಮಿನಲ್ಲಿ ಶತಮಾನಗಳಿಂದ ಬಾಳಿದ ಪ್ಯಾಲೆಸ್ತೀನಿ ಕ್ರೈಸ್ತರು. ಧರ್ಮಗ್ರಂಥದ ಹೆಸರಿನಲ್ಲಿ ನಮ್ಮ ಹಕ್ಕು ಕಸಿಯುವ ದೇವತಾಶಾಸ್ತ್ರ ಸುವಾರ್ತೆಯಲ್ಲ ಎಂದು ಅವರು 2009ರ ‘ಕೈರೋಸ್ ಪ್ಯಾಲೆಸ್ತೀನ್’ ಹೇಳಿಕೆಯಲ್ಲಿ ಸಾರಿದರು. 2023ರ ಕ್ರಿಸ್ಮಸ್‌ಗೆ ಅಲ್ಲಿನ ಲುಥೆರನ್ ಚರ್ಚಿನಲ್ಲಿ ಬಾಲಯೇಸುವನ್ನು ಗೋದಲಿಯ ಬದಲು ಕಲ್ಲುಮಣ್ಣಿನ ರಾಶಿಯ ನಡುವೆ ಮಲಗಿಸಿದರು. ಯೇಸು ಹುಟ್ಟಿದ ಊರಿನ ಕ್ರೈಸ್ತರ ಗೋಳು ಕೇಳಿಸದಷ್ಟು ಯೇಸುವಿನ ಬರೋಣದ ಲೆಕ್ಕದಲ್ಲಿ ಮುಳುಗಿರುವುದು ಸಾಧ್ಯ ಎಂದಾಯಿತು. ಮತ್ತಾಯನ ಆರು ಪ್ರಶ್ನೆಗಳಲ್ಲಿ ಒಂದಕ್ಕೂ ಈ ನಕ್ಷೆಯ ಅಗತ್ಯವಿಲ್ಲ.

ಹಾಗಿದ್ದರೆ ಅಂತ್ಯವನ್ನೇ ಬಿಟ್ಟು ಆ ಆರು ಪ್ರಶ್ನೆಗಳನ್ನು ಮಾತ್ರ ಇಟ್ಟುಕೊಳ್ಳಬಾರದೇ? ಆಲ್ಬರ್ಟ್ ಶ್ವೈಟ್ಜರ್ ಹೆಚ್ಚುಕಡಿಮೆ ಹಾಗೇ ಮಾಡಿದರು. ಯೇಸು ತನ್ನ ಕಾಲದಲ್ಲೇ ಅಂತ್ಯ ಬರುತ್ತದೆಂದು ನಿರೀಕ್ಷಿಸಿದ್ದ, ಅದು ಬರಲಿಲ್ಲ ಎಂದು 1906ರಲ್ಲಿ ಅವರು ವಾದಿಸಿದಾಗ ಯುರೋಪಿನ ದೇವತಾಶಾಸ್ತ್ರ ತತ್ತರಿಸಿತು. ಬರೆದವರು ಆಮೇಲೆ ವೈದ್ಯಕೀಯ ಓದಿ, 1913ರಲ್ಲಿ ಆಫ್ರಿಕಾದ ಲಾಂಬರೆನೆಗೆ ಹೋಗಿ ಆಸ್ಪತ್ರೆ ತೆರೆದರು. ಅಂತ್ಯದ ನಂಬಿಕೆಯಿಲ್ಲದೆಯೂ ರೋಗಿಯ ಗಾಯ ತೊಳೆಯಬಹುದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಆದರೂ ಒಂದು ಬಾಕಿ ಉಳಿಯುತ್ತದೆ, ಸತ್ತವರದು. ಬದುಕಿರುವವರಿಗೆ ಊಟ ಹಾಕಬಹುದು, ಅನ್ಯಾಯವಾಗಿ ಸತ್ತವರಿಗೆ? ಮಾರ್ಕ್ಸ್‌ವಾದಿ ಚಿಂತಕ ಮ್ಯಾಕ್ಸ್ ಹೋರ್ಕ್‌ಹೈಮರ್ 1937ರಲ್ಲಿ ಗೆಳೆಯ ವಾಲ್ಟರ್ ಬೆಂಜಮಿನ್‌ಗೆ ಬರೆದ ಪತ್ರದಲ್ಲಿ ಈ ಗಂಟನ್ನು ಮುಟ್ಟಿದ್ದರು: ಕೊಲೆಯಾದವರು ನಿಜವಾಗಿಯೂ ಕೊಲೆಯಾಗಿ ಹೋದರು, ಅವರ ಲೆಕ್ಕ ಇನ್ನೂ ಮುಗಿದಿಲ್ಲ ಎನ್ನಬೇಕಾದರೆ ಕೊನೆಯ ತೀರ್ಪನ್ನು ನಂಬಬೇಕಾಗುತ್ತದೆ. ಅದನ್ನು ತಾವು ನಂಬುತ್ತೇವೆಂದು ಅವರು ಹೇಳಲಿಲ್ಲ. ನಂಬದಿದ್ದರೆ ತೆರಬೇಕಾದ ಬೆಲೆ ಎಷ್ಟೆಂದು ಹೇಳಿದರು. ಈ ಮಾತು ಅರ್ಥವಾಗಲು ನಾವು ಯುರೋಪಿಗೆ ಹೋಗಬೇಕಿಲ್ಲ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಲೆಕ್ಕದಲ್ಲಿ ಆ ಏಳು ಜನರನ್ನು ಯಾರೂ ಕೊಂದಿಲ್ಲ. ಸಾಮ್ರಾಜ್ಯದ ಸರಕುಪಟ್ಟಿಯ ಕೊನೆಯ ಸಾಲನ್ನು ಓದಿದ ಪತ್ಮೋಸಿನ ಯೋಹಾನ ‘ಇದು ಕೊನೆಯ ಲೆಕ್ಕವಲ್ಲ’ ಎಂದದ್ದು ಇಂಥವರ ಪರವಾಗಿ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ದೇವರು ನೋಡಿಕೊಳ್ಳುತ್ತಾನೆ ಎಂದು ಹೇಳಿ ಮನೆಗೆ ಹೋಗುವವನನ್ನು ಒಪ್ಪಲೂ ಆಗದು. ಅವನು ಮಾಡುವುದು ತಾರೀಖು ಎಣಿಸುವವರ ಕೆಲಸವನ್ನೇ, ತಾರೀಖಿಲ್ಲದೆ. ಹೈಕೋರ್ಟಿನದು ಕಟ್ಟಕಡೆಯ ತೀರ್ಪಲ್ಲ ಎಂದು ಅಷ್ಟು ಗಟ್ಟಿಯಾಗಿ ನಂಬುವವನು ಮೇಲ್ಮನವಿಯ ಕಾಗದಕ್ಕೆ ರುಜು ಹಾಕಲಾದರೂ ಬರಬೇಕಲ್ಲ.